ಐಡಲ್‌ನಲ್ಲಿ ಕಟಕಟ, ಏರಿನಲ್ಲಿ ಟಿಣ್ ಟಿಣ್

ಕಾರಿನ ಸದ್ದಿನ ಬಗ್ಗೆ ಪತ್ರಗಳು ಬರುವುದು ಹೊಸತಲ್ಲ. ಆದರೆ ಈ ಸಲ ಬಂದವುಗಳಲ್ಲಿ ಹೆಚ್ಚಿನವು ಸೂಪರ್‌ಚಾರ್ಜರ್ ಬಗ್ಗೆಯೇ ಇವೆ. ಗೊತ್ತಿಲ್ಲದವರಿಗಾಗಿ ಒಂದು ಮಾತು: ಸೂಪರ್‌ಚಾರ್ಜರ್ ಎಂದರೆ ಎಂಜಿನ್ನಿನ ಕ್ರ್ಯಾಂಕ್ ಪುಲ್ಲಿಯಿಂದ ಬೆಲ್ಟಿನ ಮೂಲಕ ತಿರುಗುವ ಗಾಳಿ ಪಂಪು. ಎಂಜಿನ್ ತಾನಾಗಿ ಎಳೆದುಕೊಳ್ಳುವುದಕ್ಕಿಂತ ಹೆಚ್ಚು ಗಾಳಿಯನ್ನು ಒಳಗೆ ನೂಕುತ್ತದೆ, ಪಿಕಪ್ ಹೆಚ್ಚುತ್ತದೆ. ಟರ್ಬೊ ಕೂಡ ಇದನ್ನೇ ಮಾಡುತ್ತದೆ, ಆದರೆ ಅದನ್ನು ತಿರುಗಿಸುವುದು ಸೈಲೆನ್ಸರ್ ಕಡೆಗೆ ಹೋಗುವ ಬಿಸಿ ಹೊಗೆ. ಇಷ್ಟು ತಿಳಿದರೆ ಮುಂದಿನದು ಸುಲಭ.

ಸರ್, ನನ್ನದು 2010ರ ಹೋಂಡಾ ಸಿವಿಕ್, 1.8 ಲೀಟರ್ ಪೆಟ್ರೋಲ್. ಗುಜರಿಗೆ ಹೋಗಿದ್ದ ಒಂದು ಮರ್ಸಿಡಿಸ್‌ನ ಈಟನ್ ಎಂ62 ಸೂಪರ್‌ಚಾರ್ಜರ್ ತಂದು, ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಬ್ರಾಕೆಟ್ ಮಾಡಿಸಿ, ಬೇರೆಯದೇ ಬೆಲ್ಟ್ ಕೊಟ್ಟು ಕೂರಿಸಿದ್ದೇವೆ. ಮೊದಲು ಏನೂ ತೊಂದರೆ ಇರಲಿಲ್ಲ. ಈಗ ಸಿಗ್ನಲ್‌ನಲ್ಲಿ ನಿಂತರೆ ಸಾಕು, ಡಬ್ಬದಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಕಟಕಟ ಅನ್ನುತ್ತದೆ. ಎಸಿ ಹಾಕಿದರೆ ಇನ್ನೂ ಜಾಸ್ತಿ. ಆಕ್ಸಿಲರೇಟರ್ ಒತ್ತಿದ ತಕ್ಷಣ ಮಾಯ. ಗ್ಯಾರೇಜಿನವರು ‘ಕನೆಕ್ಟಿಂಗ್ ರಾಡ್ ಬೇರಿಂಗ್ ಹೋಗಿದೆ, ಎಂಜಿನ್ ಇಳಿಸಬೇಕು’ ಅನ್ನುತ್ತಿದ್ದಾರೆ. ಇಳಿಸಲೇ?
— ಎಂ.ಕೆ., ವಿಜಯನಗರ 2ನೇ ಹಂತ

ಇಳಿಸಬೇಡಿ. ಉತ್ತರ ನಿಮ್ಮ ಪತ್ರದಲ್ಲೇ ಇದೆ: ‘ಆಕ್ಸಿಲರೇಟರ್ ಒತ್ತಿದ ತಕ್ಷಣ ಮಾಯ.’ ರಾಡ್ ಬೇರಿಂಗ್ ಸವೆದಿದ್ದರೆ ಎಂಜಿನ್ ಮೇಲೆ ಭಾರ ಬಿದ್ದಷ್ಟೂ ಹೊಡೆತ ಹೆಚ್ಚಬೇಕು. ಏರು ಹತ್ತುವಾಗ ಢಕ್ ಢಕ್ ಎಂದು ಕೇಳಬೇಕು. ನಿಮ್ಮದು ಅದಕ್ಕೆ ತದ್ವಿರುದ್ಧ.

ಹೀಗೇಕೆ ಆಗುತ್ತದೆ ಅಂದರೆ, ಐಡಲ್‌ನಲ್ಲಿ ಕ್ರ್ಯಾಂಕ್ ಒಂದೇ ಸಮನಾಗಿ ತಿರುಗುವುದಿಲ್ಲ. ಒಂದೊಂದು ಸಿಲಿಂಡರ್ ಉರಿದಾಗಲೂ ಒಂದು ಕ್ಷಣ ಮುಂದಕ್ಕೆ ಜಗ್ಗುತ್ತದೆ, ಮರುಕ್ಷಣ ಹಿಂಜರಿಯುತ್ತದೆ. ಈ ಜಗ್ಗಾಟ ಬೆಲ್ಟಿನ ಮೂಲಕ ಸೂಪರ್‌ಚಾರ್ಜರ್‌ಗೂ ಹೋಗುತ್ತದೆ. ಅದರೊಳಗೆ ಒಂದಕ್ಕೊಂದು ಹೆಣೆದುಕೊಂಡು ತಿರುಗುವ ಎರಡು ರೋಟರ್‌ಗಳಿವೆ. ಅವು ಎಂದೂ ಒಂದನ್ನೊಂದು ಮುಟ್ಟಬಾರದು. ನಡುವಿನ ಕೂದಲೆಳೆ ಅಂತರವನ್ನು ಕಾಯುವುದು ಮುಂಭಾಗದ ಎರಡು ಟೈಮಿಂಗ್ ಗೇರ್‌ಗಳು. ಪುಲ್ಲಿಯ ಶಾಫ್ಟ್‌ಗೂ ಈ ಗೇರ್‌ಗಳಿಗೂ ನಡುವೆ ಕಪ್ಲರ್ ಎಂಬ ಅಂಗೈಯೊಳಗೆ ಹಿಡಿಸುವ ಬಿಲ್ಲೆ ಇರುತ್ತದೆ. ಅದರ ತೂತುಗಳಿಗೆ ಒಂದು ಕಡೆಯಿಂದ ಶಾಫ್ಟಿನ ಪಿನ್ನುಗಳು, ಇನ್ನೊಂದು ಕಡೆಯಿಂದ ಗೇರಿನ ಪಿನ್ನುಗಳು ಕೂರುತ್ತವೆ. ಜಗ್ಗಾಟವನ್ನು ನುಂಗುವುದೇ ಅದರ ಕೆಲಸ. ವರ್ಷಗಟ್ಟಲೆ ಬಿಸಿ ತಿಂದು ಆ ತೂತುಗಳು ಅಂಡಾಕಾರಕ್ಕೆ ಸವೆದರೆ ಪಿನ್ನುಗಳು ಅತ್ತಿತ್ತ ಬಡಿಯುತ್ತವೆ. ಆಕ್ಸಿಲರೇಟರ್ ಒತ್ತಿದಾಗ ಭಾರ ಒಂದೇ ದಿಕ್ಕಿಗೆ ಬಿದ್ದು ಪಿನ್ನು ಒಂದು ಬದಿಗೆ ಒರಗಿ ನಿಲ್ಲುತ್ತದೆ, ಸದ್ದು ನಿಲ್ಲುತ್ತದೆ. ಎಸಿ ಹಾಕಿದಾಗ ಐಡಲ್ ಇನ್ನಷ್ಟು ಒರಟಾಗುವುದರಿಂದ ಸದ್ದೂ ಹೆಚ್ಚುತ್ತದೆ. ಗುಜರಿಯಿಂದ ಬಂದ ಸೂಪರ್‌ಚಾರ್ಜರ್ ಎಷ್ಟು ಓಡಿತ್ತೋ ಯಾರಿಗೆ ಗೊತ್ತು? ನನ್ನ ಮೊದಲ ಅನುಮಾನ ಈ ಕಪ್ಲರ್ ಮೇಲೆಯೇ.

ಆದರೆ ಅನುಮಾನ ಬೇರೆ, ಪತ್ತೆ ಬೇರೆ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಸೂಪರ್‌ಚಾರ್ಜರ್‌ನ ಬೆಲ್ಟನ್ನು ಬಿಚ್ಚಿ ತೆಗೆಯಿರಿ. ನಿಮ್ಮದಕ್ಕೆ ಬೇರೆ ಬೆಲ್ಟ್ ಇರುವುದು ಪುಣ್ಯ. ಒಂದೇ ಬೆಲ್ಟಿನಲ್ಲಿ ವಾಟರ್ ಪಂಪೂ ತಿರುಗುವ ಕಾರುಗಳಲ್ಲಿ ಈ ಪರೀಕ್ಷೆಯನ್ನು ಅರ್ಧ ನಿಮಿಷದೊಳಗೆ ಮುಗಿಸಬೇಕು, ಇಲ್ಲದಿದ್ದರೆ ಎಂಜಿನ್ ಕಾಯುತ್ತದೆ. ಬೆಲ್ಟ್ ಇಲ್ಲದೆ ಸ್ಟಾರ್ಟ್ ಮಾಡಿ ಐಡಲ್‌ನಲ್ಲಷ್ಟೇ ಬಿಡಿ. ಕಟಕಟ ಹೋಯಿತೇ? ಹಾಗಾದರೆ ಎಂಜಿನ್ನಿನ ತಪ್ಪಲ್ಲ. ಹೋಗಲಿಲ್ಲವೇ? ಆಗ ನಿಮ್ಮ ಗ್ಯಾರೇಜಿನವರ ಮಾತಿಗೆ ಕಿವಿಗೊಡೋಣ.

ಹೋಯಿತು ಅಂತಿಟ್ಟುಕೊಳ್ಳಿ. ಎಂಜಿನ್ ಆಫ್ ಮಾಡಿ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ. ನಯವಾಗಿ, ಒಂದೇ ಬಿಗಿಯಲ್ಲಿ ತಿರುಗಬೇಕು. ಆಮೇಲೆ ಸುತ್ತು ಹಾಕದೆ ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಅಲುಗಿಸಿ ನೋಡಿ. ರೋಟರ್ ಕದಲುವ ಮೊದಲು ಪುಲ್ಲಿಯೊಂದೇ ಟಕ್ ಟಕ್ ಎಂದು ಅಲುಗಿದರೆ ಕಪ್ಲರ್ ಸವೆದಿದೆ. ತಿರುಗಿಸುವಾಗ ಮರಳು ಸಿಕ್ಕಿದಂತೆ ಗರಗರ ಅನ್ನಿಸಿದರೆ ಮುಂಭಾಗದ ಬೇರಿಂಗ್. ಪುಲ್ಲಿಯನ್ನು ಹಿಡಿದು ಮೇಲೆ ಕೆಳಗೆ ಒತ್ತಿದಾಗ ಆಡಿದರೂ ಬೇರಿಂಗೇ. ಎಲ್ಲೋ ಒಂದು ಜಾಗದಲ್ಲಿ ಕರ್‌ ಎಂದು ಲೋಹ ಉಜ್ಜಿ ನಿಂತರೆ, ದಯವಿಟ್ಟು ಆ ಬೆಲ್ಟನ್ನು ಮತ್ತೆ ಹಾಕಬೇಡಿ. ಗಾಳಿ ಬರುವ ಕಡೆಯ ಪೈಪ್ ಕಳಚಿ ಟಾರ್ಚ್ ಬಿಟ್ಟು ನೋಡಿ. ರೋಟರ್ ಮೈಮೇಲಿನ ಲೇಪ ಕೆರೆದು ಬೆಳ್ಳಗೆ ಅಲ್ಯೂಮಿನಿಯಂ ಕಾಣುತ್ತಿದ್ದರೆ ಹಿಂಬದಿಯ ನೀಡಲ್ ಬೇರಿಂಗ್ ಹೋಗಿ ರೋಟರ್ ಕುಸಿದಿದೆ ಅಂತ ಅರ್ಥ. ಕೆರೆದು ಬಿದ್ದ ಪುಡಿ ನೇರ ಎಂಜಿನ್ನಿಗೆ ಹೋಗುತ್ತದೆ. ಅಲ್ಲಿಗೆ ರಿಪೇರಿ ಖರ್ಚು ಸೂಪರ್‌ಚಾರ್ಜರ್ ಬೆಲೆಯನ್ನು ದಾಟುತ್ತದೆ.

ಎಣ್ಣೆಯನ್ನೂ ನೋಡಿ. ಈ ಸೂಪರ್‌ಚಾರ್ಜರ್ ಎಂಜಿನ್ ಆಯಿಲ್ ಬಳಸುವುದಿಲ್ಲ. ಗೇರ್‌ಗಳಿರುವ ಮೂಗಿನ ಭಾಗದಲ್ಲಿ ಅದರದ್ದೇ ಎಣ್ಣೆ ಇದೆ, ಒಂದು ಸಣ್ಣ ಲೋಟದಷ್ಟು. ‘ಜೀವಮಾನಕ್ಕೆ ಸಾಕು’ ಎಂದು ಕಂಪನಿ ಹೇಳಿರಬಹುದು. ಆದರೆ ಎಂ62ಗಳು ಬಂದು ಇಪ್ಪತ್ತು ವರ್ಷ ದಾಟಿದೆ, ಯಾರ ಜೀವಮಾನ ಅಂತ ಕೇಳಬೇಕು. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಪೂರ್ತಿ ತಣ್ಣಗಾದ ಮೇಲೆ ಪ್ಲಗ್ ಬಿಚ್ಚಿ. ಕೊಳೆತ ಮೀನಿನ ಹಾಗೆ ವಾಸನೆ ಬಂದರೆ ಗಾಬರಿಯಾಗಬೇಡಿ, ಆ ಎಣ್ಣೆಯ ವಾಸನೆಯೇ ಅದು. ಕಪ್ಪಗೆ, ಮಿಣಮಿಣ ಲೋಹದ ಪುಡಿಯೊಂದಿಗೆ ಬಂದರೆ ಗೇರ್ ಅಥವಾ ಬೇರಿಂಗ್ ಸವೆದಿದೆ. ಹಳೆಯದನ್ನು ಸಿರಿಂಜಿನಿಂದ ಎಳೆದು ತೆಗೆದು, ಸೂಪರ್‌ಚಾರ್ಜರ್‌ಗೆಂದೇ ಬರುವ ಎಣ್ಣೆಯನ್ನು ಪ್ಲಗ್ಗಿನ ತೂತಿನ ಮಟ್ಟದವರೆಗೆ ಮಾತ್ರ ತುಂಬಿ. ‘ಇನ್ನೊಂಚೂರು ಇರಲಿ’ ಎಂದು ಹೆಚ್ಚು ಹಾಕಿದರೆ ಅದು ಸೀಲ್ ದಾಟಿ ರೋಟರ್ ಕಡೆ ಬಂದು ನೀಲಿ ಹೊಗೆ ಬಿಡಿಸುತ್ತದೆ.

ಕೊನೆಗೆ, ನಿಮ್ಮ ಬ್ರಾಕೆಟ್. ನಮ್ಮ ಲೇತ್ ಕೆಲಸದವರ ಕೈಚಳಕದ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ಬ್ರಾಕೆಟ್ ಎಷ್ಟು ದಪ್ಪ ಇದೆ, ಎಷ್ಟು ಬೋಲ್ಟಿನ ಮೇಲೆ ನಿಂತಿದೆ ಎಂಬುದು ಮುಖ್ಯ. ಆಕ್ಸಿಲರೇಟರ್ ಒತ್ತಿದಾಗ ಬ್ರಾಕೆಟ್ ಒಂದಿಷ್ಟು ಬಾಗಿದರೂ ಬೆಲ್ಟ್ ಓರೆಯಾಗಿ ಎಳೆಯುತ್ತದೆ, ಮೂಗಿನ ಬೇರಿಂಗ್ ಆಯಸ್ಸು ಕುಗ್ಗುತ್ತದೆ. ಕಪ್ಲರ್ ಬದಲಿಸುವಾಗ ಬೋಲ್ಟುಗಳನ್ನೆಲ್ಲ ಒಮ್ಮೆ ಸರಿಯಾದ ಟಾರ್ಕ್‌ಗೆ ಬಿಗಿಸಿ, ಎರಡು ಪುಲ್ಲಿಗಳ ಮೇಲೆ ಉದ್ದನೆಯ ಸ್ಟೀಲ್ ಸ್ಕೇಲ್ ಇಟ್ಟು ನೇರ ಇದೆಯೇ ನೋಡಿ.

ಉದ್ದನೆಯ ಸ್ಕ್ರೂಡ್ರೈವರ್ ತುದಿಯನ್ನು ಎಂಜಿನ್ನಿಗೆ ಆನಿಸಿ, ಹಿಡಿಯನ್ನು ಕಿವಿಗೆ ಒತ್ತಿ ಕೇಳುವ ಪದ್ಧತಿ ನಮ್ಮೂರಿನಲ್ಲಿ ಹಳೆಯದು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ, ಅಲ್ಲಿ ತಯಾರಾದ ಯೆಜ್ಡಿ ಬೈಕಿನ ಸದ್ದು ಕೇಳಿಯೇ ಪಿಸ್ಟನ್ನೋ ಸೈಲೆನ್ಸರ್ರೋ ಎಂದು ಹೇಳುವ ಕಿವಿಗಳು ಮೈಸೂರಿನಲ್ಲಿ ಇನ್ನೂ ಇವೆ. ಆ ಕಿವಿ ಇಲ್ಲೂ ಉಪಯೋಗಕ್ಕೆ ಬರುತ್ತದೆ, ಆದರೆ ಅದೊಂದನ್ನೇ ನಂಬಬಾರದು. ಸೂಪರ್‌ಚಾರ್ಜರ್ ಎಂಜಿನ್ನಿಗೆ ಗಟ್ಟಿಯಾಗಿ ಬೋಲ್ಟ್ ಆಗಿರುವುದರಿಂದ ಅದರ ಸದ್ದು ಲೋಹದುದ್ದಕ್ಕೂ ಹರಿದು ಆಯಿಲ್ ಪ್ಯಾನ್ ಹತ್ತಿರವೂ ಕೇಳುತ್ತದೆ. ನಿಮ್ಮ ಗ್ಯಾರೇಜಿನವರು ಮೋಸ ಹೋದದ್ದು ಅಲ್ಲೇ ಇರಬೇಕು. ಕೇಳುವವರು ತೋಳು ಮಡಚಿ, ಕೈಯ ಕಡಗ ಕೊರಳ ಸರ ತೆಗೆದಿಟ್ಟೇ ಬಗ್ಗಿ. ತಿರುಗುವ ಬೆಲ್ಟಿಗೆ ಯಾರ ಮೇಲೂ ಕರುಣೆ ಇಲ್ಲ.

ಮಳೆ ಬಂದ ಮೇಲೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸೂಪರ್‌ಚಾರ್ಜರ್ ಬೆಲ್ಟ್ ಕೀಚು ಕೀಚು ಅನ್ನುತ್ತದೆ. ಸ್ಪ್ರೇ ಹೊಡೆದರೆ ಎರಡು ದಿನ ಸುಮ್ಮನಿರುತ್ತದೆ. ಬೆಲ್ಟ್ ಬದಲಿಸಲೇ?
— ಎಸ್., ಬೋಗಾದಿ

ಸ್ಪ್ರೇ ನಿಲ್ಲಿಸಿ. ಅದು ಧೂಳು ಹಿಡಿದು ಬೆಲ್ಟಿನ ಗೀರುಗಳನ್ನು ಮುಚ್ಚುತ್ತದೆ. ಬದಲಿಗೆ, ಎಂಜಿನ್ ಐಡಲ್‌ನಲ್ಲಿರುವಾಗ ಸ್ವಲ್ಪ ದೂರ ನಿಂತು ಬೆಲ್ಟಿನ ಗೀರಿರುವ ಕಡೆಗೆ ಬಾಟಲಿಯಿಂದ ಬರೀ ನೀರು ಚಿಮುಕಿಸಿ. ಸದ್ದು ಒಂದು ಕ್ಷಣ ನಿಂತು ಮತ್ತೆ ಬಂದರೆ ಪುಲ್ಲಿಗಳು ಒಂದೇ ನೇರದಲ್ಲಿಲ್ಲ. ನೀರು ಬಿದ್ದೊಡನೆ ಸದ್ದು ಜೋರಾದರೆ ಬೆಲ್ಟ್ ಸಡಿಲ, ಜಾರುತ್ತಿದೆ. ಟೆನ್ಷನರ್ ನೋಡಿಸಿ. ಪುಲ್ಲಿ ಓರೆಯಿದ್ದರೆ ಹೊಸ ಬೆಲ್ಟ್ ಹಾಕಿದರೂ ಅಷ್ಟೇ ಕೀಚು.

ಅಣ್ಣ, ಹೊರದೇಶದ ಸೂಪರ್‌ಚಾರ್ಜರ್ ಕಿಟ್ ತರಿಸಿ ಹಾಕಿಸಿದ್ದೇನೆ. 7 ಪಿಎಸ್ಐ ಬೂಸ್ಟ್ ಬರುತ್ತೆ ಅಂದಿದ್ದರು. ಮೀಟರ್ 6.4 ದಾಟುವುದೇ ಇಲ್ಲ. ಬಾನೆಟ್ ಒಳಗೆ ಎಲ್ಲೋ ಗಾಳಿ ಸೋರುತ್ತಿದೆ ಅಂತ ಎಲ್ಲ ಹೋಸ್ ಪೈಪ್ ಬದಲಿಸಿದ್ದಾಯಿತು. ಮತ್ತೆ ಚಾಮುಂಡಿ ಬೆಟ್ಟ ಹತ್ತುವಾಗ ಮೂರನೇ ಗೇರಿನಲ್ಲಿ ಟಿಣ್ ಟಿಣ್ ಎಂದು ಸಣ್ಣ ಸದ್ದು. ಎರಡಕ್ಕೂ ಸಂಬಂಧ ಇದೆಯೇ?
— ಪಿ.ಎನ್., ಜೆ.ಪಿ. ನಗರ, ಮೈಸೂರು

ತಮ್ಮಾ, ನಿನ್ನ ಮೀಟರ್ ಸರಿಯಾಗಿದೆ, ಹೋಸ್ ಪೈಪೂ ಸರಿಯಾಗಿತ್ತು. ಎತ್ತರ ಲೆಕ್ಕಕ್ಕೆ ಬರಲಿಲ್ಲ, ಅಷ್ಟೇ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಮೇಲಿದೆ. ಸಮುದ್ರದ ದಡದಲ್ಲಿ ಗಾಳಿಯ ಒತ್ತಡ 14.7 ಪಿಎಸ್ಐ ಇದ್ದರೆ ಇಲ್ಲಿ 13.4ರ ಆಸುಪಾಸು. ಸೂಪರ್‌ಚಾರ್ಜರ್ ತನಗೆ ಸಿಕ್ಕ ಒತ್ತಡವನ್ನು ಒಂದೂವರೆ ಪಟ್ಟಿನ ಹತ್ತಿರಕ್ಕೆ ಏರಿಸುತ್ತದೆ. ಸಿಕ್ಕಿದ್ದೇ ಕಡಿಮೆ ಆದಾಗ ಏರಿಕೆಯೂ, ಅಂದರೆ ಬೂಸ್ಟೂ, ಕಡಿಮೆ. ದಡದ 7 ಇಲ್ಲಿ 6.4. ಅದೇ ಕಾರನ್ನು 2,240 ಮೀಟರ್ ಎತ್ತರದ ಊಟಿಗೆ ಒಯ್ದರೆ 5.3 ತೋರಿಸುತ್ತದೆ. ಅದನ್ನು ನೋಡಿ ಇನ್ನೊಮ್ಮೆ ಪೈಪ್ ಬದಲಿಸಬೇಡ. ನಿಜವಾಗಿ ಸೋರಿಕೆ ಇದ್ದರೆ ಬೂಸ್ಟ್ ಬರುವಾಗ ಮಾತ್ರ ಉಸ್ಸೆಂದು ಕೇಳುತ್ತದೆ. ಜೋಡಣೆಗಳಿಗೆ ಸೋಪಿನ ನೀರು ಸವರಿ, ಪೈಪಿಗೆ ಕಡಿಮೆ ಒತ್ತಡದ ಗಾಳಿ ಬಿಟ್ಟರೆ ಗುಳ್ಳೆ ಎದ್ದು ಜಾಗ ತೋರಿಸುತ್ತದೆ.

ಆ ಟಿಣ್ ಟಿಣ್ ಸದ್ದಿಗೂ ಮೀಟರಿಗೂ ಸಂಬಂಧವಿಲ್ಲ, ಆದರೆ ನನಗೆ ಚಿಂತೆ ಹುಟ್ಟಿಸುವುದು ಅದೇ. ಭಾರ ಬಿದ್ದಾಗ, ಕಡಿಮೆ ಆರ್‌ಪಿಎಂನಲ್ಲಿ, ಬಟ್ಟಲಿಗೆ ಗುಂಡುಸೂಜಿ ಸುರಿದಂಥ ಸದ್ದು ಬಂದರೆ ಅದು ನಾಕಿಂಗ್. ಸ್ಪಾರ್ಕ್ ಪ್ಲಗ್ಗಿನಿಂದ ಹೊರಟ ಬೆಂಕಿ ತಲುಪುವ ಮೊದಲೇ ಮೂಲೆಯ ಪೆಟ್ರೋಲ್-ಗಾಳಿ ತಾನಾಗಿ ಸಿಡಿಯುವುದು. ಸೂಪರ್‌ಚಾರ್ಜರ್ ಇಲ್ಲದ ಎಂಜಿನ್ನಿನಲ್ಲಿ ಸ್ವಲ್ಪ ನಾಕಿಂಗ್ ಆದರೆ ಬದುಕಿಕೊಳ್ಳುತ್ತದೆ. ಬೂಸ್ಟ್ ಜೊತೆಗೆ ನಾಕಿಂಗ್ ಅಂದರೆ ಪಿಸ್ಟನ್ನಿನ ರಿಂಗ್ ಇರುವ ಅಂಚೇ ಮುರಿದು ಬರುತ್ತದೆ.

ಕಾರಣ ಎರಡು ಮೂರು ಇರಬಹುದು. ಕಂಪ್ರೆಸ್ ಆದ ಗಾಳಿ ಬಿಸಿಯಾಗಿರುತ್ತದೆ. ಅದನ್ನು ತಣಿಸುವ ಇಂಟರ್‌ಕೂಲರ್ ಇಲ್ಲದ ಕಿಟ್ ಆದರೆ ಬೆಟ್ಟದ ಏರಿನಲ್ಲಿ ಇನ್ನೂ ಬಿಸಿ. ಇನ್ನೊಂದು, ನಿನ್ನ ಕಿಟ್ಟಿನ ಇಸಿಯು ಟ್ಯೂನಿಂಗ್ ಯಾವ ಪೆಟ್ರೋಲಿಗೆ ಮಾಡಿದ್ದು? ಈಗ ನಮ್ಮ ಬಂಕ್‌ಗಳಲ್ಲಿ ಸಿಗುವುದು 20% ಎಥನಾಲ್ ಸೇರಿದ ಇ20. ಎಥನಾಲ್‌ನೊಳಗೆ ಆಮ್ಲಜನಕ ಇರುವುದರಿಂದ, ಬರೀ ಪೆಟ್ರೋಲಿನಲ್ಲಿ ಒಂದು ಪಾಲಿಗೆ 14.7 ಪಾಲು ಗಾಳಿ ಹೊಂದುತ್ತಿದ್ದರೆ ಇ20ಯಲ್ಲಿ 13.5ರ ಹತ್ತಿರ ಸಾಕು. ಅಂದರೆ ಅದೇ ಗಾಳಿಗೆ ಇಂಧನ ಹೆಚ್ಚು ಬೇಕು. ನಿಧಾನ ಓಡಿಸುವಾಗ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಸರಿಪಡಿಸುತ್ತದೆ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಎಷ್ಟೋ ಟ್ಯೂನಿಂಗ್‌ಗಳು ಸೆನ್ಸರ್ ಮಾತು ಕೇಳದೆ ಬರೆದಿಟ್ಟ ಲೆಕ್ಕವನ್ನೇ ಹಿಡಿಯುತ್ತವೆ. ಆ ಲೆಕ್ಕ ಬರೀ ಪೆಟ್ರೋಲಿನದಾದರೆ ಇಂಧನ ಕಡಿಮೆ ಬಿದ್ದು ಉರಿ ಬಿಸಿಯೇರುತ್ತದೆ. ಎಥನಾಲ್‌ಗೆ ನಾಕಿಂಗ್ ತಡೆಯುವ ಗುಣ ಇದೆ ನಿಜ, ಆದರೆ ಇಂಧನವೇ ಸಾಲದಿದ್ದರೆ ಆ ಗುಣ ಏನು ಮಾಡೀತು?

ಟ್ಯೂನಿಂಗ್ ಮಾಡಿದವರಿಂದ ಇ20 ಹಾಕಿಯೇ ಮತ್ತೆ ಡೈನೋ (ಎಂಜಿನ್ ಶಕ್ತಿ ಅಳೆಯುವ ಯಂತ್ರ) ಮೇಲೆ ನೋಡಿಸು. ಅಲ್ಲಿಯವರೆಗೆ ಬೆಟ್ಟವನ್ನು ಎರಡನೇ ಗೇರಿನಲ್ಲಿ, ಅರ್ಧ ಆಕ್ಸಿಲರೇಟರ್‌ನಲ್ಲಿ ಹತ್ತು. ಟಿಣ್ ಅಂದ ಕೂಡಲೇ ಕಾಲು ತೆಗೆ.

ಸೆಕೆಂಡ್ ಹ್ಯಾಂಡ್ ಮರ್ಸಿಡಿಸ್ ಸಿ 200 ಕೊಂಪ್ರೆಸರ್ ಒಂದನ್ನು ನೋಡಿದ್ದೇವೆ. ಓಡಿಸಿದಾಗ ಸಣ್ಣಗೆ ಕುಂಯ್ ಎಂದು ಕೂಗುತ್ತದೆ. ಮಾರುವವರು ‘ಅದು ಹಾಗೇ ಮೇಡಂ’ ಅನ್ನುತ್ತಾರೆ. ನಂಬಬಹುದೇ?
— ಎಲ್.ಆರ್., ಸರಸ್ವತಿಪುರಂ

ಅರ್ಧ ನಂಬಿ ಮೇಡಂ. ಈ ಕಾರಿನಲ್ಲಿರುವಂಥ ರೂಟ್ಸ್ ಜಾತಿಯ ಸೂಪರ್‌ಚಾರ್ಜರ್ ಗಾಳಿಯನ್ನು ತನ್ನೊಳಗೆ ಹಿಂಡುವುದಿಲ್ಲ, ರೋಟರ್ ರೆಕ್ಕೆಗಳ ನಡುವೆ ತುಂಬಿಕೊಂಡು ಆಚೆಗೆ ಎಸೆಯುತ್ತದೆ. ಎಸೆದ ಪ್ರತಿ ಸಲವೂ ಪೈಪಿನಲ್ಲಿ ಒಂದು ತುಡಿತ. ಆ ತುಡಿತಗಳೇ ಸೇರಿ ಕೂಗಾಗುತ್ತವೆ. ಅಮೆರಿಕದ ಇಂಡಿಯಾನಾ ರಾಜ್ಯದ ರೂಟ್ಸ್ ಸಹೋದರರು ಇದನ್ನು 1860ರಲ್ಲಿ ಪೇಟೆಂಟ್ ಮಾಡಿಸಿದ್ದು ಕಾರಿಗಾಗಿ ಅಲ್ಲ, ಆಗ ಕಾರೇ ಇರಲಿಲ್ಲ. ಕುಲುಮೆಗಳಿಗೆ ಗಾಳಿ ಊದಲು ಹೆಸರಾದ ಯಂತ್ರ ಅದು. ಸೂಪರ್‌ಚಾರ್ಜರ್ ಕೂರಿಸಿದ ಕಾರುಗಳನ್ನು ಮರ್ಸಿಡಿಸ್ 1921ರಲ್ಲಿ ಬರ್ಲಿನ್‌ನಲ್ಲಿ ಪ್ರದರ್ಶನಕ್ಕಿಟ್ಟಿತು. ಹಾಗಾಗಿ ಕೂಗು ಅದರ ಹುಟ್ಟುಗುಣ.

ಯಾವಾಗ ಕೂಗುತ್ತದೆ ಅನ್ನುವುದನ್ನು ಮಾತ್ರ ನೋಡಿ. ಓವರ್‌ಟೇಕ್ ಮಾಡುವಾಗ ಕೂಗಿದರೆ ಸರಿ. ರಿಂಗ್ ರೋಡಿನಲ್ಲಿ ಅರವತ್ತರ ವೇಗದಲ್ಲಿ ಕಾಲನ್ನು ಹಗುರವಾಗಿಟ್ಟು ಹೋಗುವಾಗಲೂ ಬಿಡದೆ ಕೂಗುತ್ತಿದ್ದರೆ ಬೈಪಾಸ್ ವಾಲ್ವ್ ತೆರೆದುಕೊಳ್ಳುತ್ತಿಲ್ಲ. ಬೂಸ್ಟ್ ಬೇಡದ ಹೊತ್ತಿನಲ್ಲಿ ಗಾಳಿಯನ್ನು ಸುತ್ತಿಸಿ ಬಿಡುವ ಬಾಗಿಲು ಅದು. ಅದು ಕೆಟ್ಟರೆ ಪೆಟ್ರೋಲ್ ಖರ್ಚೂ ಹೆಚ್ಚುತ್ತದೆ.

ಇನ್ನೊಂದು ಮುಖ್ಯ ಸಂಗತಿ. ಈ ಕಾರಿನದು 1.8 ಲೀಟರ್ ಎಂಜಿನ್ ಆದರೆ, ಹಿಂದಿನ ರಾತ್ರಿಯಿಂದ ಸ್ಟಾರ್ಟ್ ಮಾಡದೆ ನಿಲ್ಲಿಸಲು ಹೇಳಿ, ಬೆಳಿಗ್ಗೆ ನೀವೇ ಹೋಗಿ ಸ್ಟಾರ್ಟ್ ಮಾಡಿ. ಮೊದಲ ಎರಡು ಮೂರು ಸೆಕೆಂಡು ಖರ್ರೆಂದು ಕೇಳಿ ನಿಂತರೆ ಟೈಮಿಂಗ್ ಚೈನ್ ಉದ್ದವಾಗಿರುವ ಲಕ್ಷಣ. ಈ ಎಂಜಿನ್ನಿಗೆ ಅದು ಪ್ರಸಿದ್ಧ ಕಾಯಿಲೆ. ನೀವು ಹೋಗುವಷ್ಟರಲ್ಲಿ ಎಂಜಿನ್ ಬಿಸಿಯಾಗಿದ್ದರೆ, ಇನ್ನೊಂದು ದಿನ ಬರುತ್ತೇನೆ ಎಂದು ಎದ್ದು ಬನ್ನಿ.

ಸೂಪರ್‌ಚಾರ್ಜರ್ ಹಾಕಿಸಿದರೆ ಆರ್‌ಟಿಒ ತೊಂದರೆ ಕೊಡುತ್ತಾರೆಯೇ? ಹೆಸರು ಬೇಡ.
— ನಂಜನಗೂಡು ರಸ್ತೆಯ ಓದುಗರು

ತೊಂದರೆ ಅಲ್ಲ, ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಜನವರಿ 2019ರಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಸೆಕ್ಷನ್‌ನಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಇವೆ. ಸಿಎನ್‌ಜಿ ಕಿಟ್‌ನ ಹಾಗೆ ಅನುಮತಿ ಪಡೆದು ಆರ್‌ಸಿಯಲ್ಲಿ ಬರೆಸಿಕೊಳ್ಳುವ ಸುಲಭದ ದಾರಿ ಇದಕ್ಕಿಲ್ಲ. ಅಪಘಾತವಾದರೆ ವಿಮೆಯವರು ಮೊದಲು ಬಾನೆಟ್ ಎತ್ತಿ ನೋಡುತ್ತಾರೆ. ಮೇಲಿನ ಪತ್ರಗಳಿಗೆ ನಾನು ಉತ್ತರ ಬರೆದದ್ದು ಕೆಟ್ಟ ಸದ್ದಿನ ಕಾರು ರಸ್ತೆಯಲ್ಲಿ ಇನ್ನೂ ಅಪಾಯ ಎಂಬ ಕಾರಣಕ್ಕೆ. ಹಾಕಿಸಿ ಎಂದು ಹೇಳಿದ್ದಲ್ಲ. ರೇಸ್ ಟ್ರ್ಯಾಕಿಗೆಂದೇ ಮೀಸಲಾದ, ರಸ್ತೆಗೆ ಇಳಿಯದ ಕಾರಿನ ವಿಷಯ ಬೇರೆ.

ಊಟಿಯಿಂದ ಮಸಿನಗುಡಿ ಮೇಲೆ ವಾಪಸ್ ಬಂದ ದಿನದಿಂದ ನಮ್ಮ ಡೀಸೆಲ್ ಗಾಡಿ ಆಂಬುಲೆನ್ಸ್ ಸೈರನ್ ಥರ ಕೂಗುತ್ತಿದೆ. ಪಿಕಪ್ ಇಲ್ಲ. ಇದೂ ಸೂಪರ್‌ಚಾರ್ಜರ್ ತೊಂದರೆಯೇ?
— ಬಿ.ಸಿ., ಗುಂಡ್ಲುಪೇಟೆ

ನಿಮ್ಮದರಲ್ಲಿರುವುದು ಟರ್ಬೊ. ಮೊದಲು ಸುಲಭದ್ದನ್ನು ನೋಡಿ: ಟರ್ಬೊದಿಂದ ಇಂಟರ್‌ಕೂಲರ್‌ಗೆ ಹೋಗುವ ರಬ್ಬರ್ ಪೈಪ್ ಸೀಳಿದೆಯೇ, ಕ್ಲಿಪ್ ಜಾರಿದೆಯೇ? ಜೊತೆಗೆ ಕಪ್ಪು ಹೊಗೆ ಇದ್ದರೆ ಬಹುಪಾಲು ಅದೇ. ಪೈಪ್ ಸರಿ ಇದ್ದು, ಆರ್‌ಪಿಎಂ ಏರಿದಂತೆ ಸೈರನ್ನೂ ಏರುತ್ತಿದ್ದರೆ ಟರ್ಬೊದ ಚಕ್ರ ಗೋಡೆಗೆ ಸವರುತ್ತಿದೆ. ಎಂಜಿನ್ ತಣ್ಣಗಿರುವಾಗ ಗಾಳಿ ಬರುವ ಪೈಪ್ ಕಳಚಿ ಚಕ್ರದ ನಡುವಿನ ನಟ್ಟನ್ನು ಬೆರಳಲ್ಲಿ ಹಿಡಿದು ನೋಡಿ. ಅಡ್ಡಡ್ಡ ಸ್ವಲ್ಪ ಆಡುವುದು ಸಹಜ. ಗೋಡೆ ಮುಟ್ಟಿದರೆ, ಅಥವಾ ಹಿಂದೆ ಮುಂದೆ ಎಳೆದಾಗ ಆಡಿದರೆ ಟರ್ಬೊ ಹೋಗಿದೆ.

ಆಯಿಲ್ ಡಿಪ್‌ಸ್ಟಿಕ್ ನೋಡದೆ ಮಾತ್ರ ಗಾಡಿ ಸ್ಟಾರ್ಟ್ ಮಾಡಬೇಡಿ. ಮಟ್ಟ ಇಳಿದಿದ್ದು ಪೈಪಿನೊಳಗೆ ಎಣ್ಣೆ ಮಡುಗಟ್ಟಿದ್ದರೆ ಗ್ಯಾರೇಜಿಗೆ ಟೋ ಮಾಡಿಸಿಯೇ ಒಯ್ಯಿರಿ. ಟರ್ಬೊದ ಸೀಲ್ ಒಡೆದರೆ ಡೀಸೆಲ್ ಎಂಜಿನ್ ತನ್ನದೇ ಎಣ್ಣೆಯನ್ನು ಕುಡಿದು ತಾನಾಗಿ ಓಡಲು ಶುರುಮಾಡುತ್ತದೆ, ಕೀ ತೆಗೆದರೂ ನಿಲ್ಲುವುದಿಲ್ಲ. ಅಕಸ್ಮಾತ್ ಹಾಗಾದರೆ ಬ್ರೇಕನ್ನು ಪೂರ್ತಿ ಒತ್ತಿ ಹಿಡಿದು, ಟಾಪ್ ಗೇರಿಗೆ ಹಾಕಿ ಕ್ಲಚ್ ಬಿಟ್ಟುಬಿಡಿ. ಎಂಜಿನ್ ಉಸಿರುಗಟ್ಟಿ ನಿಲ್ಲುತ್ತದೆ. ಬಾನೆಟ್ ತೆರೆದು ಬಗ್ಗಿ ನೋಡಲು ಹೋಗಬೇಡಿ.